ಒಂಬತ್ತೂಕಾಲಕ್ಕೆ ನಲ್ಲಿ, ಒಂಬತ್ತೂಕಾಲಕ್ಕೇ ಮಾರುಕಟ್ಟೆ

ಮಾನ್ಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೇ,

ಶೇರು ಮಾರುಕಟ್ಟೆ ತೆರೆಯುವುದು ಬೆಳಿಗ್ಗೆ ಒಂಬತ್ತೂಕಾಲಕ್ಕೆ. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದೂ ಒಂಬತ್ತೂಕಾಲಕ್ಕೆ. ಮೊದಲನೆಯದನ್ನು ಬದಲಿಸುವ ಅಧಿಕಾರ ನಿಮಗಿಲ್ಲ. ಎರಡನೆಯದನ್ನು ಬದಲಿಸುವ ಮನಸ್ಸು ನಿಮಗಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡು ನನ್ನ ದುಡಿಮೆ ಮೂರಾಬಟ್ಟೆಯಾಗುತ್ತಿದೆ.

ಕಾರಣ ಊರಿಗೆಲ್ಲ ಗೊತ್ತು. ಟ್ಯಾಂಕು ನಸುಕಿಗೇ ತುಂಬಿ ಚೆಲ್ಲುತ್ತಿರುತ್ತದೆ. ಆದರೆ ವಾಲ್ವಿನ ಕೋಣೆಯ ಬೀಗದ ಕೈ ತಮ್ಮ ಜೇಬಿನಲ್ಲಿ, ತಾವು ಕಡೂರಿನ ಬಸ್ಸಿನಲ್ಲಿ. ನೀರು ಬಿಡುವ ಉಗ್ರಪ್ಪನವರು ಬೆಳಗ್ಗೆಯೇ ಬಂದು ಕಚೇರಿಯ ಜಗಲಿಯ ಮೇಲೆ ತಮ್ಮ ದಾರಿ ಕಾಯುತ್ತಾರೆ. ಕೇಳಿದರೆ, "ನಾನೇನ್ ಮಾಡ್ಲವ್ವ, ಸಾಹೇಬ್ರು ಬಸ್ಸಿಳಿಯೋಗಂಟ ನೀರೂ ಇಳಿಯಲ್ಲ" ಅನ್ನುತ್ತಾರೆ. ಒಂದು ಬೀಗದ ಕೈಯನ್ನೂ ನಂಬಿ ಕೊಡಲಾಗದವರ ಕೈಗೆ ಇಡೀ ಊರಿನ ನೀರನ್ನು ಹೇಗೆ ಕೊಟ್ಟಿರಿ?

ಮಾರುಕಟ್ಟೆಗೂ ಒಂದು ಹೊತ್ತುಗೊತ್ತಿದೆ ಸ್ವಾಮಿ. ತೆರೆದ ಕೂಡಲೇ ಬೆಲೆಗಳು ಹುಚ್ಚು ಹಿಡಿದಂತೆ ಕುಣಿಯುತ್ತವೆ. ಆ ಗಲಾಟೆಯನ್ನು ಕಣ್ಣು ಮಿಟುಕಿಸದೆ ನೋಡಿದವರಿಗೆ ಮಾತ್ರ ದಿನದ ದಿಕ್ಕು ತಿಳಿಯುತ್ತದೆ. ಮಧ್ಯಾಹ್ನ ಉಂಡು ಮಲಗಿದ ಹಾಗೆ ಎಲ್ಲ ಮಂಕು. ಕೊನೆಯ ಗಂಟೆಯಲ್ಲಿ ಮತ್ತೆ ಓಟ, ಅವತ್ತು ಕೊಂಡದ್ದನ್ನು ಅವತ್ತೇ ಮಾರಿ ಮುಗಿಸಬೇಕು. ಹೊಲಿಗೆಯ ಕೂಲಿ ಉಳಿಸಿ ಬಂಡವಾಳ ಹಾಕಿ, ಬಿದ್ದು ಎದ್ದು ನಾನು ಕಲಿತ ಕಸುಬು ಇದು.

ಹೋದ ಶುಕ್ರವಾರ ತಮ್ಮ ಬಸ್ಸು ತಡ. ಇವತ್ತಾದರೂ ಬಚಾವಾದೆ ಎಂದುಕೊಂಡು, ಬೆಳಗಿನ ಗಲಾಟೆ ತಣ್ಣಗಾಗುವವರೆಗೂ ಕಾದು, ಹತ್ತೂವರೆಯ ಹೊತ್ತಿಗೆ ಶೇರು ಕೊಂಡೆ. ಬೆಲೆ ಬಿದ್ದರೆ ತಾನಾಗಿಯೇ ಮಾರುವಂತೆ ಸ್ಟಾಪ್‌ಲಾಸ್ ಹಾಕಲು ಬೆರಳೆತ್ತಿದ್ದೆ, ಅಷ್ಟರಲ್ಲಿ ನಲ್ಲಿ ಬುಸುಗುಟ್ಟಿತು. ಈ ನೀರು ತಪ್ಪಿದರೆ ಮತ್ತೆ ನಾಳೆಯೇ. ಮನೆಯಲ್ಲಿದ್ದವರು ಅತ್ತೆ ಗುರುಶಾಂತಮ್ಮ ಒಬ್ಬರೇ. ಮೊಬೈಲು ಅವರ ಕೈಗಿಟ್ಟು, "ಅತ್ತೆ, ಈ ಅಂಕಿ ಕೆಳಗಿಳಿದ್ರೆ ಈ ಕೆಂಪು ಬಟನ್ ಒತ್ಬಿಡಿ" ಎಂದು ಕೊಡ ಹಿಡಿದು ಓಡಿದೆ.

ತೊಟ್ಟಿ ತುಂಬಿಸಿ ಬರುವಷ್ಟರಲ್ಲಿ ಬೆಲೆ ಪಾತಾಳಕ್ಕಿಳಿದಿತ್ತು. ಅತ್ತೆಯವರು ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಗಡಿಯಾರ ನೋಡುತ್ತ ಕೂತಿದ್ದರು.

"ಯಾಕತ್ತೆ, ಒತ್ಲಿಲ್ವಾ?"

"ಶುಕ್ರವಾರ ಹತ್ತೂವರೆಯಿಂದ ರಾಹುಕಾಲ ಕಣೇ! ಇಂಥಾ ಹೊತ್ನಲ್ಲಿ ಯಾರಾದ್ರೂ ಮಾರ್ತಾರಾ? ಹನ್ನೆರಡಾಗ್ಲಿ ಇರು, ಒತ್ತೀನಿ."

ನಮ್ಮ ಮನೆಯಲ್ಲಿ ರಾಹುಕಾಲದಲ್ಲಿ ಕೊಬ್ಬರಿಯನ್ನೂ ತಕ್ಕಡಿಗೆ ಏರಿಸಿದವರಿಲ್ಲ. ಅವರನ್ನು ಬೈದು ಫಲವಿಲ್ಲ. ನಾನೇ ಒತ್ತಿ ಮಾರುವಷ್ಟರಲ್ಲಿ ಒಂದು ತಿಂಗಳ ದುಡಿಮೆ ಹೋಗಿತ್ತು, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ನೇರ ತಮ್ಮ ಕಚೇರಿಗೆ ಬಂದೆ.

ತಾವು ಏನೆಂದಿರಿ, ನೆನಪಿದೆಯೇ? "ಮೊಬೈಲ್ ಒತ್ತೋದೂ ಒಂದು ಕೆಲ್ಸಾನೇನಮ್ಮ? ಮಧ್ಯಾಹ್ನ ಬಿಡುವಾದಾಗ ಆಡ್ಕೊಳ್ಳಿ." ಮಾರುಕಟ್ಟೆ ತೂಕಡಿಸುವ ಹೊತ್ತನ್ನೇ ನನಗೆ ದಯಪಾಲಿಸಿದಿರಿ! ಅದೇ ತಾವು, ನಾನು ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದು ದನಿ ತಗ್ಗಿಸಿ ಕೇಳಿದಿರಿ: "ಅಲ್ಲಮ್ಮ, ಸದ್ಯಕ್ಕೆ ಯಾವ ಶೇರು ತಗೊಂಡ್ರೆ ಒಳ್ಳೇದು?" ನಾನು ಮಾಡುವುದು ಕೆಲಸವೇ ಅಲ್ಲವೆಂದ ಮೇಲೆ ನನ್ನ ಸಲಹೆ ತಮಗೇಕೆ? ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ನಾನು ಕೇಳುತ್ತಿರುವುದು ಹೊಸ ಬೋರ್‌ವೆಲ್ ಅಲ್ಲ, ಅನುದಾನವೂ ಅಲ್ಲ. ಸಂಜೆ ಬಸ್ಸು ಹತ್ತುವ ಮುನ್ನ ಆ ಬೀಗದ ಕೈಯನ್ನು ಉಗ್ರಪ್ಪನವರಿಗೆ ಕೊಟ್ಟು ಹೋಗಿ. ಬೆಳಿಗ್ಗೆ ಆರಕ್ಕೆ ನೀರು ಬಂದರೆ ನಾನಷ್ಟೇ ಅಲ್ಲ, ಗಾರ್ಮೆಂಟ್ಸಿಗೆ ಹೋಗುವ ನಯನ, ಅಂಗನವಾಡಿಯ ಪ್ರೇಮಮ್ಮ, ಎಲ್ಲರೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತೇವೆ.

ಇಲ್ಲವಾದರೆ ಬರುವ ಸೋಮವಾರ ತಾವು ಬಸ್ಸಿಳಿದು ಬಂದಾಗ ಕಚೇರಿಯ ಬಾಗಿಲಿಗೆ ದಾರಿ ಇರುವುದಿಲ್ಲ, ಇಡೀ ಬೀದಿಯ ಕೊಡಗಳಿರುತ್ತವೆ. ಎಲ್ಲಕ್ಕಿಂತ ಮುಂದೆ ನಮ್ಮ ಅತ್ತೆ ಕೂತಿರುತ್ತಾರೆ. ಪಂಚಾಂಗ ನೋಡಿ ಹೊತ್ತು ಗೊತ್ತು ಮಾಡಿದವರೂ ಅವರೇ: ಸೋಮವಾರ ರಾಹುಕಾಲ ಒಂಬತ್ತಕ್ಕೇ ಮುಗಿಯುತ್ತದಂತೆ, ಒಂಬತ್ತೂಕಾಲಕ್ಕೆ ಜಗಳ ತೆಗೆಯಲು ಏನೂ ಅಡ್ಡಿಯಿಲ್ಲವಂತೆ.

ಇಂತಿ,
ಇವತ್ತೂ ವ್ಯಾಪಾರ ಬಿಟ್ಟು ನೀರು ಹಿಡಿದ
ಶಾಂಭವಿ, ಕೊನೆಯ ಬೀದಿ