ಎರಡು ದಿನದ ಮೊಮ್ಮಕ್ಕಳು

ಮನೆಯಿಂದ
ಬುಧವಾರ, ಹನ್ನೆರಡನೇ ತಾರೀಕು, ಬೆಳಗ್ಗೆ

ಮುದ್ದಿನ ಮಗಳೇ,

ಹೇಗಿದ್ದೀಯಾ? ಗಂಟಲು ಸರಿಹೋಯಿತೇ? “ಮಕ್ಕಳನ್ನ ಕೆಲಸಕ್ಕಲ್ಲ, ಶಾಲೆಗೆ ಕಳಿಸಿ” ಎಂದು ಮೈಕು ಹಿಡಿದು ಬೀದಿ ಬೀದಿಯಲ್ಲಿ ಕೂಗಿದರೆ ಗಂಟಲು ಕಟ್ಟದೆ ಇನ್ನೇನಾದೀತು? ಬಿಸಿನೀರು ಕುಡಿ ಎಂದರೆ ನೀನೆಲ್ಲಿ ಕೇಳುತ್ತೀಯಾ, ಹಟದಲ್ಲಿ ಥೇಟ್ ನಿಮ್ಮಪ್ಪ. ನನ್ನ ಮಂಡಿನೋವು ಇದ್ದ ಹಾಗೇ ಇದೆ.

ವಿಷಯಕ್ಕೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಾಳೆ ನೀನು ಅಧಿಕಾರಿಗಳ ಜೊತೆ ಇಲ್ಲಿನ ಬಟ್ಟೆ ಕಾರ್ಖಾನೆಯ ತಪಾಸಣೆಗೆ ಬರುವುದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ನಿನ್ನೆ ಅಲ್ಲಿನ ಮೇಸ್ತ್ರಿ ಎಂದಿನಂತೆ ದಾರ ಕತ್ತರಿಸಲು ಅಂಗಿಗಳ ಗಂಟು ತಂದ. ಅವನ ಹಿಂದೆ ಕಾರ್ಖಾನೆಯಲ್ಲಿ ದುಡಿಯುವ ಮೂವರು ಪುಟ್ಟ ಹುಡುಗಿಯರು. “ಎರಡು ದಿನ ಇವ್ರು ನಿಮ್ಮ ಮೊಮ್ಮಕ್ಕಳು ಅಂದ್ಕೊಳ್ಳಿ ಅಮ್ಮಾ. ನಿಮ್ಮ ಮಗಳೇ ಹೋರಾಟದವಳು, ಈ ಮನೇನ ಯಾರು ಹುಡುಕ್ತಾರೆ?” ಎಂದು ನಕ್ಕು ಒಂದು ಕಾಗದ ಮುಂದೆ ಹಿಡಿದ. ಇವರು ನನ್ನ ತಂಗಿಯ ಮೊಮ್ಮಕ್ಕಳು, ರಜೆಗೆ ಬಂದವರು ಎಂದು ಅದರಲ್ಲಿತ್ತು. ಇಷ್ಟು ವರ್ಷ ಕೆಲಸ ಕೊಟ್ಟವನೆಂಬ ದಾಕ್ಷಿಣ್ಯಕ್ಕೆ ಬಿದ್ದು ರುಜು ಹಾಕಿಬಿಟ್ಟೆ.

ನೀನು ಓದುತ್ತಿದ್ದ ಕಿಟಕಿಯ ಕೆಳಗೇ ಮೂವರೂ ಕೂತು, ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಿದ್ದಾರೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಸಾಕು, ಕತ್ತರಿಗಳು ಚಾಪೆಯಡಿ ಸೇರುತ್ತವೆ. ಊಟಕ್ಕೆ ಕರೆದರೂ ಬೆಚ್ಚಿ ಎದ್ದು ನಿಲ್ಲುತ್ತಾರೆ. ಇದೇ ಕೆಲಸ ಮಾಡಿ ನಿನ್ನನ್ನು ಓದಿಸಿದೆ, ಆದರೆ ನಿನ್ನ ಕೈಗೆ ಒಂದು ದಿನವೂ ಕತ್ತರಿ ಕೊಡಲಿಲ್ಲ. ಈಗ ಈ ವಿಷಯ ಹೊರಬಿದ್ದರೆ ನನ್ನ ಮೇಲೆ ಕೇಸು, ನಿನ್ನ ಹೆಸರಿಗೆ ಮಸಿ. ಅದಕ್ಕೇ ಹೇಳುತ್ತೇನೆ, ನಾಳೆ ಕಾರ್ಖಾನೆ ನೋಡಿಕೊಂಡು ಹಾಗೆಯೇ ಹೊರಟುಬಿಡು. ಮನೆ ಕಡೆ ಬರಬೇಡ. ಇದೊಂದು ಸಲ ನನಗೋಸ್ಕರ ಕಣ್ಣು ಮುಚ್ಚಿಕೋ, ನನ್ನ ತಾಯಿ. ಪತ್ರವನ್ನು ಹಾಲಿನವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಸಂಜೆಯೊಳಗೆ ತಲುಪುತ್ತದೆ.

ಹೊತ್ತುಹೊತ್ತಿಗೆ ತಿನ್ನು. ನೂರು ಕಾಲ ಚೆನ್ನಾಗಿರು.

ನೋಡಲು ಹಂಬಲಿಸುತ್ತಲೇ ಬರಬೇಡ ಎನ್ನುತ್ತಿರುವ
ನಿನ್ನ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕವಳು ಬೆರಳು ಕುಯ್ದುಕೊಂಡಳು. ಅಳಲಿಲ್ಲ. ರಕ್ತ ಸುರಿಯುವ ಬೆರಳನ್ನು ತನ್ನ ಫ್ರಾಕಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿಯನ್ನು ಉಜ್ಜುತ್ತಾ, “ಕಲೆ ಆಯ್ತು ಅಂತ ಮೇಸ್ತ್ರಿಗೆ ಹೇಳ್ಬೇಡಿ ಅಜ್ಜಿ” ಎಂದು ಬೇಡಿಕೊಂಡಳು. ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಮೇಲೆ ಬರೆದದ್ದನ್ನೆಲ್ಲ ಬಿಡು. ಅಧಿಕಾರಿಗಳನ್ನು ಕರೆದುಕೊಂಡು ಮೊದಲು ಈ ಮನೆಗೇ ಬಾ. ಆ ಕಾಗದ ಸುಳ್ಳೆಂದು ನಾನೇ ಹೇಳುತ್ತೇನೆ. ಕೇಸು ಬರೆದುಕೊಳ್ಳುವಾಗ, ಅಮ್ಮನೆಂದು ನನ್ನ ಹೆಸರು ಬಿಡಬೇಡ.