ಎಡಗಡೆಯ ಮೂಲೆ

ಅವ್ವಾ,

ಇವತ್ತು ನನ್ನ ತಪ್ಪೊಂದು ಸಿಕ್ಕಿಬಿತ್ತು. ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ!

ನೀನು ತೀರಿಹೋದ ಮೂರು ವರ್ಷಕ್ಕೆ ನಮ್ಮ ಚಳ್ಳಕೆರೆಯ ಲ್ಯಾಬಿಗೆ ಹೊಸ ಮಷಿನ್ ಬಂತು. ಆಪರೇಷನ್ ಮಾಡಿ ತೆಗೆದ ಗಂಟನ್ನು ತೆಳುವಾಗಿ ಕೊಯ್ದು ಗಾಜಿನ ಸ್ಲೈಡಿನ ಮೇಲೆ ಕೂರಿಸುತ್ತೇವಲ್ಲ, ಅದರ ಇಡೀ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುತ್ತದೆ. ನಾನು ನೋಡಿದ್ದನ್ನು ಮೊಳಕಾಲ್ಮುರಿನಲ್ಲಿ ಕೂತ ಡಾಕ್ಟರ್ ಮುಬಷೀರ್ ಮತ್ತೆ ನೋಡುತ್ತಾರೆ. ನಾನೇನು ಬರೆದೆನೆಂದು ಅವರಿಗೆ ಹೇಳುವಂತಿಲ್ಲ. ಇಬ್ಬರೂ ಒಪ್ಪದೆ ರಿಪೋರ್ಟ್ ಹೊರಗೆ ಹೋಗುವಂತಿಲ್ಲ.

ತಳಕಿನ ಸೂರಮ್ಮನ ಎದೆಯ ಗಂಟಿಗೆ ನಾನು ‘ಕ್ಯಾನ್ಸರ್ ಇಲ್ಲ’ ಎಂದು ಬರೆದಿದ್ದೆ. ಮಧ್ಯಾಹ್ನ ಮುಬಷೀರ್ ಫೋನ್ ಮಾಡಿದರು.

“ಮೇಡಂ, ಎಡಗಡೆ ಮೂಲೆ ಸ್ವಲ್ಪ ದೊಡ್ಡದು ಮಾಡಿ ನೋಡ್ರಿ. ಅಲ್ಲೇನೋ ಐತೆ.”

ದೊಡ್ಡದು ಮಾಡಿದೆ. ಇತ್ತು ಅವ್ವಾ! ರಾಗಿಕಾಳಿನಷ್ಟು ಜಾಗದಲ್ಲಿ, ನನ್ನ ಕಣ್ತಪ್ಪಿಸಿ ಕೂತಿತ್ತು. ಕೂಡಲೇ ರಿಪೋರ್ಟ್ ತಿದ್ದಿದೆ.

ಸೂರಮ್ಮನಿಗೆ ನಾನೇ ಹೇಳಿದೆ. ಅವಳು, “ಈಗ್ಲೇ ಸಿಕ್ತಲ್ಲ, ವಾಸಿ ಆಗ್ತೈತೇನ್ರಿ?” ಅಂದಳು.

“ಆಗ್ತೈತೆ” ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೆಂದರೆ ನರ್ಸ್ ತಿರುಗಿ ನೋಡಿದಳು.

ನಿನ್ನ ಗಂಟು ತೆಗೆದಾಗಲೂ ನಾನು ‘ಕ್ಯಾನ್ಸರ್ ಇಲ್ಲ’ ಎಂದೇ ಬರೆದಿದ್ದೆ. ಸ್ಲೈಡನ್ನು ಇನ್ನೊಬ್ಬರಿಗೂ ತೋರಿಸೋಣವೆಂದು ಸರ್ಜನ್ ಹೇಳಿದ್ದರು. “ನನ್ ಮಗಳೇ ನೋಡವ್ಳೆ, ಇನ್ನೊಬ್ರು ಯಾಕ್ರಿ?” ಎಂದು ನೀನು ಜಂಬದಿಂದ ಹೇಳಿದ್ದೆಯಲ್ಲ. ನಾನೂ ನಕ್ಕಿದ್ದೆ.

ಆ ಸ್ಲೈಡ್ ನನ್ನ ಡ್ರಾಯರಿನಲ್ಲೇ ಇದೆ. ಮಷಿನ್ ಬಂದು ಎಂಟು ತಿಂಗಳಾಯಿತು. ಆ ಸ್ಲೈಡೊಂದನ್ನು ಮಾತ್ರ ಇನ್ನೂ ಅದರೊಳಗೆ ಇಟ್ಟಿಲ್ಲ.

ನಿನ್ನ ವನಜಾಕ್ಷಿ