ಖಾಲಿ ಕಲ್ಲಿನ ಸದ್ದು

ಮಾವ,

ಇದನ್ನು ಬರೆಯಲು ಮೂರು ಸಲ ಕುಳಿತು ಮೂರು ಸಲವೂ ಎದ್ದು ಹೋದೆ. ನಿನ್ನ ಮುಖ ನೋಡಿ ಹೇಳಬೇಕಾಗಿದ್ದ ಮಾತನ್ನು ನೀನು ತೀರಿಹೋಗಿ ವರ್ಷವಾದ ಮೇಲೆ ಕಾಗದಕ್ಕೆ ಹೇಳುತ್ತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಕೊಟ್ಟೂರಿನ ನಿನ್ನ ಹಿಟ್ಟಿನ ಗಿರಣಿಗೆ ನಾನು ಲ್ಯಾಪ್‌ಟಾಪು, ವೈರು, ದಪ್ಪ ಹೆಡ್‌ಫೋನು ಹೊತ್ತುಕೊಂಡು ಬಂದ ದಿನ ನೆನಪಿದೆಯೇ? "ಏನವ್ವ, ಗಿರಣಿ ಬಿಚ್ಚಾಕ ಬಂದೀಯೇನು?" ಎಂದು ನೀನು ನಕ್ಕಿದ್ದೆ. ಅಕ್ಕನ ಮಗಳು ಪಿಎಚ್‌.ಡಿ. ಮಾಡುತ್ತಿದ್ದಾಳೆಂದು ಬಂದ ಗಿರಾಕಿಗೆಲ್ಲ ಹೇಳಿದ್ದೂ ನೀನೇ. ನನ್ನ ಕೆಲಸವೆಂದರೆ ಸದ್ದನ್ನು ಸದ್ದಿನಿಂದಲೇ ಅಳಿಸುವುದು. ಹೆಡ್‌ಫೋನಿನ ಹೊರಗಿನ ಮೈಕು ಗಿರಣಿಯ ಸದ್ದನ್ನು ಹಿಡಿಯುತ್ತದೆ, ಒಳಗಿನ ಸ್ಪೀಕರು ಅದಕ್ಕೆ ತದ್ವಿರುದ್ಧವಾದ ಅಲೆ ಬಿಡುತ್ತದೆ. ಅಳಿಯದೆ ಉಳಿದದ್ದನ್ನು ಕಿವಿಯ ಹತ್ತಿರದ ಇನ್ನೊಂದು ಮೈಕು ತಿಳಿಸಿದರೆ, ಫಿಲ್ಟರು ಆ ತಪ್ಪು ನೋಡಿ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. "ತನ್ನ ತಪ್ಪು ತಾನ ತಿದ್ಕೊಂತೈತಾ? ಭಲೇ ಐತಿ ಬಿಡು. ನಮ್ಮ ಮಂದಿಗೂ ಒಂದೊಂದು ಹಾಕವ್ವ!" ಎಂದೆ.

ಆ ಹೆಡ್‌ಫೋನನ್ನು ಮೊದಲ ಸಲ ಕಿವಿಗೆ ಹಾಕಿಕೊಂಡಾಗ ನೀನು ಕಣ್ಣು ಮುಚ್ಚಿ ಸುಮ್ಮನೆ ನಿಂತುಬಿಟ್ಟೆ. "ಯಪ್ಪಾ, ಲೋಕ ಇಷ್ಟು ತಣ್ಣಗ ಐತೇನು!" ಆಮೇಲೆ ಅನುಮಾನದಿಂದ ಕೇಳಿದೆ: "ಆದ್ರ ಕಲ್ಲು ಏನ್ ಹೇಳ್ತೈತಿ ಅಂತ ಗೊತ್ತಾಗಲ್ಲಲ್ಲವ್ವ?" ನಾನು, ಮಹಾ ಪಂಡಿತೆ, "ಗದ್ದಲದಾಗ ಏನ್ ಕೇಳಾದೈತಿ ಮಾವ?" ಎಂದೆ. ನೀನು ಗಿರಣಿಗೆ ಬೆನ್ನು ಹಾಕಿ ಚೀಲ ಕಟ್ಟುತ್ತಿದ್ದರೂ ಮೇಲಿನ ಡಬ್ಬದಲ್ಲಿ ಕಾಳು ಮುಗಿಯುತ್ತಿದೆ ಎಂಬುದು ಕಲ್ಲಿನ ಸದ್ದಿನಿಂದಲೇ ತಿಳಿಯುತ್ತಿತ್ತು. ತಿರುಗಿಯೂ ನೋಡದೆ ಕೈ ಚಾಚಿ, ಒಂದಕ್ಕೊಂದು ತಾಗದಂತೆ ಕಲ್ಲುಗಳನ್ನು ಸಡಿಲಿಸುತ್ತಿದ್ದೆ. ಚಿಕ್ಕಂದಿನಿಂದ ನೋಡಿದವಳು ನಾನು. ಆದರೂ...

ಮಾರನೆಯ ದಿನ ಹಾಲಮ್ಮ ಹಿಟ್ಟಿನ ಡಬ್ಬಿ ತಂದು ನಿನ್ನ ಮುಂದೆ ಕುಕ್ಕಿದಳಲ್ಲ. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವವಳು. "ಬಾಯಾಗಿಟ್ರ ಕರಕರ ಅಂತೈತ್ರಿ. ಅಷ್ಟೂ ರೊಟ್ಟಿ ತಿರುಗಿ ಕಳಿಸ್ಯಾರ. ಹಿಟ್ಟು ಬೀಸೀರೋ ಕಲ್ಲು ಬೀಸೀರೋ?" ಹಿಂದಿನ ದಿನ ಅವಳ ಜೋಳ ಸುರಿಯುವ ಮೊದಲು ಕಲ್ಲುಗಳು ಖಾಲಿ ತಿರುಗಿ ಒಂದಕ್ಕೊಂದು ಉಜ್ಜಿ ಪುಡಿ ಉದುರಿಸಿದ್ದವು. ಹೆಡ್‌ಫೋನಿನೊಳಗಿದ್ದ ನಿನಗೆ ಅದು ಕೇಳಿರಲಿಲ್ಲ. ನನಗೆ ತಕ್ಷಣ ಹೊಳೆಯಿತು. ಹೊಳೆದೂ ಬಾಯಿಂದ ಬಂದದ್ದೇನು? "ಮಾವಗ ವಯಸ್ಸಾತಲ್ರಿ, ಲಕ್ಷ್ಯ ತಪ್ಪಿರತೈತಿ." ನೀನು ಒಮ್ಮೆ ನನ್ನತ್ತ ನೋಡಿದೆ. ಆಮೇಲೆ ಅವಳಿಗೆ, "ಹೌದವ್ವ, ತಪ್ಪು ನಂದ" ಎಂದೆ. ನನ್ನ ಮಾನ ಉಳಿಸಲು ಹಾಗಂದೆಯಾ ಮಾವ?

ಅದೇ ಸಂಜೆ ಹರಪನಹಳ್ಳಿ ಬಸ್ಸಿನಲ್ಲಿ ಕುಳಿತು ಹಿಂದಿನ ದಿನದ ರೆಕಾರ್ಡಿಂಗ್ ತೆರೆದೆ. ಹೊರಗಿನ ಮೈಕಿನಲ್ಲಿ ಐದು ನಿಮಿಷಗಳ ಕಾಲ ಖಾಲಿ ಕಲ್ಲು ಗುರ್‌ಗುಟ್ಟುತ್ತಿತ್ತು, ಕಿವಿಯ ಹತ್ತಿರದ ಮೈಕಿನಲ್ಲಿ ಪಿಟ್ಟೆನ್ನುತ್ತಿರಲಿಲ್ಲ. ಫಿಲ್ಟರು ಆ ಹೊಸ ಸದ್ದನ್ನೂ ಕಲಿತು ಚೊಕ್ಕಟವಾಗಿ ಅಳಿಸಿತ್ತು. ನನ್ನ ಇಡೀ ಸಂಶೋಧನೆಯಲ್ಲಿ ಅಷ್ಟು ಚೆಂದದ ಗ್ರಾಫು ಇನ್ನೊಂದಿರಲಿಲ್ಲ. ಅದನ್ನೇ ಆರಿಸಿ ಸೆಮಿನಾರಿನಲ್ಲಿ ತೋರಿಸಿದೆ. ಚಪ್ಪಾಳೆ ತಟ್ಟಿದರು, ನಾನು ನಗುತ್ತಾ ಕೈಮುಗಿದೆ. ನಾಚಿಕೆಗೆಟ್ಟವಳು.

ಅತ್ತ ನಾನಾಡಿದ ಮಾತು ಊರು ಸುತ್ತಿತು. ಆತನಿಗೆ ವಯಸ್ಸಾಯಿತು, ಲಕ್ಷ್ಯವಿಲ್ಲ ಎನ್ನುತ್ತಾ ಒಬ್ಬೊಬ್ಬರೇ ಬೇರೆ ಗಿರಣಿ ಹಿಡಿದರು. ಯುಗಾದಿಯ ಹೊತ್ತಿಗೆ ನೀನು ಗಿರಣಿಯ ಪಟ್ಟಾ ಕಳಚಿಟ್ಟು ಬಾಗಿಲು ಹಾಕಿದೆ. ಫೋನಿನಲ್ಲಿ ಮಾತ್ರ, "ಓದು ಎಲ್ಲಿಗೆ ಬಂತವ್ವ?" ಎಂದು ಕೇಳುತ್ತಿದ್ದೆ. ಒಂದು ಸಲವಾದರೂ ಬೈಯಬಾರದಿತ್ತೇ?

ಕಳೆದ ವಾರ ಆ ಗ್ರಾಫಿನ ಕೆಳಗೆ ಆ ಐದು ನಿಮಿಷಗಳಲ್ಲಿ ಏನಾಯಿತೆಂದು ಪೂರ್ತಿ ಬರೆದು ಗೈಡ್ ಕೈಗೆ ಕೊಟ್ಟೆ. ಅಲ್ಲಿಂದ ನೇರ ಹಾಲಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈದರೆ ಹಗುರವಾದೀತು ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿನತ್ತ ತೋರಿಸಿದಳು.

"ನಿಮ್ಮಾವ ಹೊಸದಾಗಿ ಹಿಟ್ಟು ಬೀಸಿಕೊಂಡು ನಮ್ಮನಿ ಬಾಗ್ಲಿಗೆ ಬಂದಿದ್ರು. ನಾ ಒಳಗ ಕುಂತು, ಮನ್ಯಾಗಿಲ್ಲ ಅಂತ ಹೇಳಿ ಕಳಿಸಿದೆ. ಬಿಸಲಾಗ ಡಬ್ಬಿ ಹೊತ್ಕೊಂಡು ತಿರುಗಿ ಹೋದ್ರು. ಈಗ ಬಂದು ಹೇಳ್ತೀಯಲ್ಲ ತಂಗಿ, ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"

ನೀನು ಹಾಗೆ ಹೋಗಿದ್ದೂ ನನಗೆ ಗೊತ್ತಿರಲಿಲ್ಲ ಮಾವ. ನಾಳೆ ಬೆಳಿಗ್ಗೆ ನಿನ್ನ ಮನೆಗೆ ಹೋಗಿ ಅತ್ತೆಯ ಮುಂದೆ ಕುಳಿತು ಎಲ್ಲ ಹೇಳುತ್ತೇನೆ. ಆಕೆ ಈಗಲೂ ಬಂದವರಿಗೆಲ್ಲ, "ಕಡೀಕಡೀಗೆ ಅವರಿಗೆ ಲಕ್ಷ್ಯ ಇರ್ತಿರಲಿಲ್ರಿ" ಎಂದು ನಿನ್ನ ಪರವಾಗಿ ಕ್ಷಮೆ ಕೇಳುತ್ತಿದ್ದಾಳೆ.